ತೂತಿಲ್ಲದ ಗುಂಡಿಗಳು

ನಮ್ಮ ಬೀದಿಯ ಜನ ಒಂದು ಕಾಲದಲ್ಲಿ ಹಿಂದಕ್ಕೆ ನಡೆಯುತ್ತಿದ್ದರು. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ನಡೆಯುತ್ತಿದ್ದರು. ಹಾಲು ತರುವವರು, ಕೆಲಸಕ್ಕೆ ಹೊರಟವರು, ಮೂಲೆಯ ಔಷಧಿ ಅಂಗಡಿಗೆ ಕದ್ದುಮುಚ್ಚಿ ಹೋಗುವವರು, ಎಲ್ಲರೂ ಬೆನ್ನು ಮುಂದೆ ಮಾಡಿಕೊಂಡೇ ಹೋಗುತ್ತಿದ್ದರು. ಎದುರಾದವರ ಮುಖ ಕಾಣುತ್ತಿದ್ದುದು ಅವರನ್ನು ದಾಟಿ ಹೋದ ಮೇಲೆ. ಹಾಗಾಗಿ ನಮಸ್ಕಾರ ಮಾಡುವಷ್ಟರಲ್ಲಿ ಅವರು ದೂರ ಹೋಗಿರುತ್ತಿದ್ದರು. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವವರಿಗೆ ಇದರಿಂದ ಬಹಳ ಅನುಕೂಲವಾಯಿತು ಎಂಬುದನ್ನು ಬಿಟ್ಟರೆ ಬೇರೆ ಪ್ರಯೋಜನ ಯಾರಿಗೂ ಆಗಲಿಲ್ಲ.

ಇದಕ್ಕೆಲ್ಲ ಮೂಲಪುರುಷ ನಮ್ಮ ಟೇಪಣ್ಣ. ಪಾಪ, ಆತ ಯಾರಿಗೂ ಹಿಂದಕ್ಕೆ ನಡೆಯಿರಿ ಎಂದು ಹೇಳಿದವನಲ್ಲ. ಆತ ಮಾಡಿದ್ದು ಇಷ್ಟೇ: ಹೌದೋ ಅಲ್ಲವೋ ಎಂದು ಹೇಳಬೇಕಾದ ಹೊತ್ತಿನಲ್ಲಿ ಮುಗುಳ್ನಕ್ಕು ಸುಮ್ಮನಾದ.

ಟೇಪಣ್ಣ ದರ್ಜಿ. ಮಲಗುವಾಗಲೂ ಅಳತೆಯ ಟೇಪು ಕೊರಳಲ್ಲೇ ಇರುತ್ತದೆಂದು ಅವನ ಹೆಂಡತಿಯೇ ಹೇಳಿದ್ದರಿಂದ ಈ ಹೆಸರು. ಮಹಡಿಯ ಮೇಲೆ ಅವನ ಅಂಗಡಿ, ಅದರ ಹಿಂದೆಯೇ ಮನೆ. ಕೆಳಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ನನ್ನ ಅಂಗಡಿ. ಕತ್ತರಿಸುವುದು ಅವನು, ಹೊಲಿಯುವುದು ಅರ್ಧ ಅವನು ಅರ್ಧ ಹೆಂಡತಿ, ಕಾಜಾ ತೆಗೆದು ಗುಂಡಿ ಹಚ್ಚುವುದು ಪೂರ್ತಿ ಹೆಂಡತಿ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಮಕ್ಕಳ ಸಮವಸ್ತ್ರದ ಬಟ್ಟೆಯ ಥಾನುಗಳು ಅಂಗಡಿಗೆ ಬಂದು ಬೀಳುತ್ತವೆ. ಆ ದೊಡ್ಡ ಕತ್ತರಿಯನ್ನು ಮಾತ್ರ ಟೇಪಣ್ಣ ಯಾರ ಕೈಗೂ ಕೊಡುವುದಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯನ್ನು ಮತ್ತೆ ನೇಯಬೇಕು ಎನ್ನುತ್ತಾನೆ.

ಹೀಗಿರುವ ಮನುಷ್ಯನ ಬೆರಳ ಗೆಣ್ಣುಗಳು ಒಂದು ಬೆಳಿಗ್ಗೆ ಊದಿಕೊಂಡವು. ಮಣಿಕಟ್ಟು ಹಿಡಿಯಿತು. ಮೊಣಕಾಲು ತಾನೂ ಇದ್ದೇನೆಂದು ನೆನಪು ಮಾಡಿತು. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ನೆಂಟರೆಲ್ಲ ಹೇಳಿದ ಎಲೆಗಳನ್ನು ಕಟ್ಟಿ ಆದ ಮೇಲೆ ಅತ್ತಿಗೆ ಅವನನ್ನು ಕೀಲುರೋಗದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದರು.

"ಇದು ಸಂಧಿವಾತ," ಎಂದರು ಡಾಕ್ಟರಮ್ಮ. "ವರ್ಷಗಟ್ಟಲೆ ಔಷಧಿ ತಗೋಬೇಕಾಗುತ್ತೆ. ಸದ್ಯಕ್ಕೆ ಈ ಬಿಳಿ ಮಾತ್ರೆ, ದಿನಾ ತಿಂಡಿ ಆದಮೇಲೆ ಒಂದು. ಮುಖ ಸ್ವಲ್ಪ ಊದಬಹುದು, ಹಸಿವು ಜಾಸ್ತಿ ಆಗಬಹುದು, ಹೆದರಬೇಡಿ. ನೋವು ಹೋಯ್ತು ಅಂತ ನೀವೇ ನಿಲ್ಲಿಸಬೇಡಿ. ಕಡಿಮೆ ಮಾಡೋ ಹೊತ್ತಿಗೆ ನಾನೇ ಮೆಲ್ಲಮೆಲ್ಲಗೆ ಮಾಡ್ತೀನಿ. ನಿಲ್ಲಿಸಿದ್ರೋ, ಬೆರಳು ಬಗ್ಗಿ ಅಲ್ಲೇ ಕೂತುಬಿಡ್ತವೆ. ಆಮೇಲೆ ಕತ್ತರಿ ಹಿಡಿಯೋ ಮಾತೇ ಇಲ್ಲ."

ಟೇಪಣ್ಣ ಎಲ್ಲಕ್ಕೂ ಗೋಣು ಹಾಕಿದ. ಗೋಣು ಹಾಕುವುದರಲ್ಲಿ ಅವನಷ್ಟು ಉದಾರಿ ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ.

ಮಾತ್ರೆ ಕೆಲಸ ಮಾಡಿತು. ಬೆರಳು ಇಳಿದವು, ಕತ್ತರಿ ಓಡಿತು. ಮೊಣಕಾಲು ಮಾತ್ರ ಮೆಟ್ಟಿಲು ಇಳಿಯುವಾಗ ಮುಷ್ಕರ ಹೂಡುತ್ತಿತ್ತು. ಹಿಂದುಮುಂದಾಗಿ ಇಳಿದರೆ ನೋವು ಕಡಿಮೆ ಎಂದು ಟೇಪಣ್ಣ ತಾನೇ ಕಂಡುಕೊಂಡ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮೊದಲು ಅವನ ಹಿಮ್ಮಡಿ ಕಾಣುತ್ತಿತ್ತು, ಆಮೇಲೆ ಬೆನ್ನು, ಕೊನೆಗೆ ಮುಖ.

ಆ ಮುಖದ ವಿಷಯ ಹೇಳಬೇಕು. ಮೊದಲು ಟೇಪಣ್ಣನ ಕೆನ್ನೆಗಳು ಒಳಗಡೆ ಒಂದನ್ನೊಂದು ಮುಟ್ಟುತ್ತಿದ್ದವು. ಅವನು ಹೊಲಿದ ಕೋಟನ್ನು ಅವನಿಗೇ ಹಾಕಿದರೆ ಗೂಟಕ್ಕೆ ತಗುಲಿಹಾಕಿದಂತೆ ಕಾಣುತ್ತಿತ್ತು. ಈಗ ಎರಡು ತಿಂಗಳಲ್ಲಿ ಕೆನ್ನೆ ತುಂಬಿ, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂದು, ಬಣ್ಣಕ್ಕೆ ಬಣ್ಣ ಏರಿ, ಮುಖ ಹುಣ್ಣಿಮೆಯ ಚಂದ್ರನಾಯಿತು. ಅತ್ತಿಗೆ ಅವನ ಕಾಲರುಗಳನ್ನೆಲ್ಲ ಬಿಚ್ಚಿ ಅಗಲ ಮಾಡಿದರು. ಇದು ಔಷಧಿಯ ಅಡ್ಡಪರಿಣಾಮ ಎಂದು ಗೊತ್ತಿದ್ದವರು ಅವರಿಬ್ಬರೇ. ನನಗೂ ಗೊತ್ತಿರಲಿಲ್ಲ. ನಮಗೆಲ್ಲ ಅದು ಆರೋಗ್ಯದ ಕಳೆಯಾಗಿ ಕಂಡಿತು.

"ಏನಣ್ಣ, ಮದುಮಗನ ಹಾಗೆ ಆಗಿದೀಯ," ಎಂದು ಅಳತೆ ಕೊಡಲು ಬಂದವರು ಕೇಳುತ್ತಿದ್ದರು. ಇಡೀ ಆಯುಷ್ಯದಲ್ಲಿ ಅವನ ರೂಪವನ್ನು ಯಾರೂ ಹೊಗಳಿರಲಿಲ್ಲ. ಹೊಗಳುವಂಥದ್ದು ಇರಲೂ ಇಲ್ಲ. ಟೇಪಣ್ಣ ಮುಖದಷ್ಟೇ ಮನಸ್ಸಿನಲ್ಲೂ ಉಬ್ಬಿದ.

ಹೀಗಿರುವಾಗ ಒಂದು ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರು ನನ್ನ ಅಂಗಡಿಯಲ್ಲಿ ಕುಳಿತಿದ್ದರು. ನಿವೃತ್ತಿಯಾದ ಮೇಲೆ ಬೀದಿಯನ್ನೇ ಶಾಲೆಯೆಂದು ತಿಳಿದವರು ಅವರು. ಯಾವುದನ್ನು ಕಂಡರೂ ಅದಕ್ಕೊಂದು ಸಂಘ ಕಟ್ಟುತ್ತಾರೆ. ಮೆಟ್ಟಿಲ ಮೇಲೆ ಟೇಪಣ್ಣನ ಹಿಮ್ಮಡಿ ಕಂಡಿತು, ಬೆನ್ನು ಕಂಡಿತು, ಚಂದ್ರಬಿಂಬ ಕಂಡಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು.

"ಈಗ ಅರ್ಥವಾಯ್ತು. ಇದೇ ಅಲ್ಲವೇನಯ್ಯ ನಿನ್ನ ಮುಖದ ಕಾಂತಿಯ ಗುಟ್ಟು? ಹಿಮ್ಮುಖ ನಡಿಗೆ. ಎಷ್ಟು ದಿನದಿಂದ ನಡೀತಿದೆ ಈ ಸಾಧನೆ?"

ಈ ಹೊತ್ತಿನಲ್ಲಿಯೇ ಟೇಪಣ್ಣ ಮುಗುಳ್ನಕ್ಕದ್ದು. "ಏನೋ ಸಾರ್, ನನ್ನ ಕೈಲಾದಷ್ಟು," ಎಂದ.

ಆಮೇಲಿನದು ಬೆಂಕಿ ತಗುಲಿದ ಹುಲ್ಲು. ಆ ವಾರವೇ ಮೇಷ್ಟ್ರು ಹಿಮ್ಮುಖ ನಡಿಗೆ ಸಂಘ ಕಟ್ಟಿದರು. ಟೇಪಣ್ಣ ಸಂಸ್ಥಾಪಕ ಅಧ್ಯಕ್ಷ, ಮೇಷ್ಟ್ರು ಕಾರ್ಯದರ್ಶಿ, ನಾನು ಪಕ್ಕದಲ್ಲಿದ್ದ ತಪ್ಪಿಗೆ ಖಜಾಂಚಿ. ಜನ ಬಂದು ಟೇಪಣ್ಣನನ್ನು ಸಂದೇಹ ಕೇಳತೊಡಗಿದರು. ಮೊದಲು ಯಾವ ಕಾಲು? ಎಡಗಾಲು, ಎಂದ. ಹೊಟ್ಟೆ ತುಂಬಿರಬೇಕೋ ಖಾಲಿ ಇರಬೇಕೋ? ಅರ್ಧ, ಎಂದ. ತಿರುವಿನಲ್ಲಿ ಏನು ಮಾಡಬೇಕು? ಇದಕ್ಕೆ ಮಾತ್ರ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ನಂಬಿಕೆ ಇಡಬೇಕು," ಎಂದ. ನಂಬಿಕೆ ಇಟ್ಟ ಪೋಸ್ಟ್‌ಮ್ಯಾನ್ ಸೈಕಲ್ಲನ್ನು ಹಿಂದಕ್ಕೆ ತಳ್ಳಿಕೊಂಡು ಬಂದು ತರಕಾರಿ ಗಾಡಿಯೊಳಗೆ ಕುಳಿತ.

ಸಂಘ ಎಂದ ಮೇಲೆ ನಿಯಮ ಬೇಡವೇ? ಮೇಷ್ಟ್ರು ಒಂದು ಸಂಜೆ ಸಭೆ ಸೇರಿಸಿ ಗಂಟಲು ಸರಿಮಾಡಿಕೊಂಡರು. "ನಮ್ಮ ಅಧ್ಯಕ್ಷರಿಗೆ ಈ ಆರೋಗ್ಯ ಬಂದದ್ದು ನಡಿಗೆಯಿಂದ ಮಾತ್ರ. ಆದ್ದರಿಂದ ಸದಸ್ಯರು ಯಾವುದೇ ಮಾತ್ರೆ, ಗುಳಿಗೆ, ಔಷಧಿ ಸೇವಿಸತಕ್ಕದ್ದಲ್ಲ. ಒಪ್ಪಿದವರು ಕೈ ಎತ್ತಿ."

ಮೊದಲು ಎದ್ದದ್ದು ಟೇಪಣ್ಣನ ಕೈ. ಅದು ಅಷ್ಟು ಸಲೀಸಾಗಿ ಎದ್ದದ್ದೇ ಬೆಳಿಗ್ಗೆ ನುಂಗಿದ ಮಾತ್ರೆಯಿಂದ.

ಈಗ ಅವನಿಗೆ ಬಾಯಲ್ಲಿ ಬಿಸಿ ತುಪ್ಪ. ತಿಂಡಿ ಮುಗಿಸಿ ಅಂಗಡಿಯಲ್ಲಿ ಕುಳಿತು ಮಾತ್ರೆ ನುಂಗುವುದು ಅವನ ರೂಢಿ. ಸರಿಯಾಗಿ ಆ ಹೊತ್ತಿಗೇ ಮೇಷ್ಟ್ರು ಅಧ್ಯಕ್ಷರ ಮಾರ್ಗದರ್ಶನಕ್ಕೆಂದು ಮಹಡಿ ಹತ್ತಿ ಬರುತ್ತಿದ್ದರು. ಮಾತ್ರೆಯ ಪಟ್ಟಿಯನ್ನು ತೆಗೆದರೆ ಚರ್ ಚರ್ ಎಂದು ಸದ್ದು. ಟೇಪಣ್ಣ ಯೋಚಿಸಿ ಯೋಚಿಸಿ, ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ, ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಬಿಳಿ ಗುಂಡಿಗಳ ಡಬ್ಬಿಯೊಳಗೆ ಸುರಿದ. ಗುಂಡಿಯ ಡಬ್ಬಿಗೆ ದರ್ಜಿ ಕೈ ಹಾಕಿದರೆ ಯಾರು ತಾನೇ ಅನುಮಾನಪಡುತ್ತಾರೆ? ಬೆರಳ ತುದಿಯಿಂದಲೇ ನೂಲಿನ ನಂಬರು ಹೇಳುವ ತನಗೆ ಮಾತ್ರೆ ಯಾವುದು ಗುಂಡಿ ಯಾವುದು ತಿಳಿಯದೇ ಎಂಬುದು ಅವನ ಹೆಮ್ಮೆ. ಒಂದು ಕಡೆ ಮೇಷ್ಟ್ರ ಮಾತಿಗೆ ಹೂಂಗುಟ್ಟುತ್ತ, ಇನ್ನೊಂದು ಕಡೆ ಡಬ್ಬಿಗೆ ಕೈ ಹಾಕಿ, ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಬಾಯಿಗೆ ಎಸೆದು, ಚಹಾದ ಜೊತೆ ನುಂಗಿಬಿಡುತ್ತಿದ್ದ. ಖಾಲಿ ಪಟ್ಟಿಗಳನ್ನು ಮಾತ್ರ ಒಂದೊಂದಾಗಿ ಹೆಂಡತಿಗೆ ತೋರಿಸುತ್ತಿದ್ದ. ಮಾತ್ರೆ ಮುಗಿಯುತ್ತಿದೆ, ಗಂಡ ಜಾಣನಾಗಿದ್ದಾನೆ ಎಂದು ಅತ್ತಿಗೆಗೂ ಸಮಾಧಾನ.

ಕೆಲವು ದಿನ ಎಲ್ಲ ಸುಸೂತ್ರ. ಆಮೇಲೆ ಅತ್ತಿಗೆ ಒಂದು ಅಂಗಿಗೆ ಗುಂಡಿ ಹಚ್ಚಲು ಕುಳಿತು ಡಬ್ಬಿಯಿಂದ ಒಂದನ್ನು ತೆಗೆದರು. ಸೂಜಿ ಚುಚ್ಚಿದರು. ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ತೂತೇ ಇಲ್ಲ, ನಡುವೆ ಒಂದು ಗೆರೆ ಮಾತ್ರ. ಕೆದಕಿದರೆ ಅಂಥವೇ ಇನ್ನಷ್ಟು. ಗಂಡನ ಮಾತ್ರೆಯನ್ನು ಪಟ್ಟಿಯ ಹೊರಗೆ ಅವರು ಎಂದೂ ಕಂಡಿರಲಿಲ್ಲ. ಅತ್ತಿಗೆ ಅವನ್ನೆಲ್ಲ ಆರಿಸಿ ಕಾಗದದಲ್ಲಿ ಕಟ್ಟಿಕೊಂಡು ಹೊಲಿಗೆ ಸಾಮಾನಿನ ಅಂಗಡಿಗೆ ನಡೆದರು.

"ಏನಪ್ಪಾ, ಇಷ್ಟು ವರ್ಷದ ಗಿರಾಕಿಗೆ ಇಂಥ ಗುಂಡಿ ಕೊಡೋದಾ? ಗೆರೆ ಎಳೆದಿದಾರೆ, ತೂತು ಕೊರೆಯೋದು ಮರೆತಿದಾರೆ."

ಅಂಗಡಿಯವನು ಒಂದನ್ನು ತಿರುಗಿಸಿ ಮುರುಗಿಸಿ ನೋಡಿದ. "ಹೌದಲ್ಲಕ್ಕ. ಕಾರ್ಖಾನೆಯವರದ್ದು ಇದೇ ಹಣೆಬರಹ. ಅರ್ಧ ಕೆಲಸ ಮಾಡಿ ಕಳಿಸ್ತಾರೆ. ಮೆದು ಬೇರೆ, ಉಗುರಲ್ಲಿ ಗೀಚಿದ್ರೆ ಪುಡಿ ಬರ್ತಿದೆ. ಕ್ಷಮಿಸಿ ಅಕ್ಕ," ಎಂದು ಎಲ್ಲವನ್ನೂ ವಾಪಸು ತೆಗೆದುಕೊಂಡು, ಅಷ್ಟೇ ಹೊಸ ಗುಂಡಿಗಳನ್ನು ಕೊಟ್ಟ. ಅತ್ತಿಗೆ ಗೆದ್ದ ಸಂತೋಷದಲ್ಲಿ ಬಂದು ಅವನ್ನು ಡಬ್ಬಿಗೆ ಸುರಿದರು. ಇಂಥ ಸಣ್ಣ ವಿಷಯವನ್ನು ಗಂಡನಿಗೆ ಹೇಳುವುದೇಕೆ ಎಂದು ಹೇಳಲಿಲ್ಲ.

ಮರುದಿನದಿಂದ ಟೇಪಣ್ಣ ಒಂದು ದಿನವೂ ತಪ್ಪದೆ, ತಿಂಡಿಯಾದ ಮೇಲೆ, ಡಾಕ್ಟರಮ್ಮ ಹೇಳಿದ ಹಾಗೆಯೇ, ಅಂಗಿಯ ಗುಂಡಿ ನುಂಗತೊಡಗಿದ.

ಗುಂಡಿಯಿಂದ ಬಟ್ಟೆ ಮುಚ್ಚಿಕೊಳ್ಳುತ್ತದೆಯೇ ಹೊರತು ಕೀಲುನೋವು ಮುಚ್ಚಿಕೊಳ್ಳುವುದಿಲ್ಲ. ಗೆಣ್ಣುಗಳು ಮತ್ತೆ ಊದಿದವು. ಸುಸ್ತು ಹಿಡಿಯಿತು. ಕೆನ್ನೆ ಇಳಿಯಿತು, ಎರಡನೆಯ ಗಲ್ಲ ಬಂದ ದಾರಿಯಲ್ಲೇ ಹೊರಟುಹೋಯಿತು. ಟೇಪಣ್ಣ ಹಿಂದಕ್ಕೆ ನಡೆಯುವಾಗ ಕುಂಟತೊಡಗಿದ.

ನಾನು ಗಾಬರಿಯಾದೆ. ಮೇಷ್ಟ್ರು ಆಗಲಿಲ್ಲ. "ನೋಡಿದಿರಾ, ಅಧ್ಯಕ್ಷರು ಎರಡನೇ ಹಂತ ತಲುಪಿದಾರೆ. ಮೊದಲು ಶರೀರ ತುಂಬುತ್ತೆ, ಆಮೇಲೆ ಹಗುರಾಗುತ್ತೆ. ಆ ಹೆಜ್ಜೆ ಗಮನಿಸಿ, ಒಂದು ಉದ್ದ, ಒಂದು ಗಿಡ್ಡ." ಮಾರನೆಯ ದಿನ ಇಡೀ ಸಂಘ ಕುಂಟುತ್ತ ಹಿಂದಕ್ಕೆ ನಡೆಯಿತು. ಟೇಪಣ್ಣ ನೋವಿನಲ್ಲಿ ಹಲ್ಲು ಕಚ್ಚಿದರೆ ಹಿಂದಿನವರೆಲ್ಲ ಹಲ್ಲು ಕಚ್ಚಿದರು. ಬೇರೆ ಬೀದಿಯ ನಾಯಿಗಳು ನಮ್ಮ ಬೀದಿಗೆ ಬರುವುದನ್ನು ಬಿಟ್ಟವು.

ಮಹಡಿಯ ಮೇಲಿನ ಸ್ಥಿತಿ ಮಾತ್ರ ನಗುವಂಥದ್ದಾಗಿರಲಿಲ್ಲ. ಶಾಲೆಯ ಥಾನುಗಳು ಬಂದು ಗೋಡೆಯುದ್ದಕ್ಕೂ ನಿಂತಿದ್ದವು. ಟೇಪಣ್ಣ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕತ್ತರಿ ತೆಗೆದುಕೊಂಡು, ಅದನ್ನು ಮುಚ್ಚಲಾಗದೆ ಕುಳಿತಿದ್ದ. ಬೆರಳು ಕತ್ತರಿಯ ಕಣ್ಣಿನೊಳಗೇ ಹೋಗುತ್ತಿರಲಿಲ್ಲ.

"ತಮ್ಮ, ನನ್ನ ಕೈ ಹೋಯ್ತು ಕಣೋ," ಎಂದ ನನ್ನನ್ನು ನೋಡಿ. "ಆ ಡಾಕ್ಟರಮ್ಮನ ಔಷಧಿ ಬರೀ ಮೋಸ. ಒಂದು ದಿನ ಬಿಡದೆ ನುಂಗಿದೀನಿ."

ಆಗಲೇ ನನಗೆ ಔಷಧಿಯ ವಿಷಯ ತಿಳಿದದ್ದು. ಬಾಡಿಗೆ ಗಾಡಿ ತರಿಸಿ, ಅವನನ್ನು ನಾನೊಂದು ಕಡೆ ಅತ್ತಿಗೆ ಒಂದು ಕಡೆ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆಯನ್ನೇ ಡಾಕ್ಟರಮ್ಮನ ಮುಖದ ಮುಂದೆ ಇಟ್ಟು ಕೇಳುತ್ತೇನೆಂದು ಟೇಪಣ್ಣ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಡಾಕ್ಟರಮ್ಮ ಬೆರಳುಗಳನ್ನು ಒತ್ತಿ ನೋಡಿದರು. "ಮಾತ್ರೆ ಬಿಟ್ಟಿದೀರಾ?"

"ಬಿಟ್ಟಿಲ್ಲ. ಬೇಕಾದ್ರೆ ಇವಳನ್ನ ಕೇಳಿ."

"ಬಿಟ್ಟಿಲ್ಲ ಡಾಕ್ಟ್ರೇ," ಎಂದರು ಅತ್ತಿಗೆ. "ಖಾಲಿ ಪಟ್ಟಿ ನಾನೇ ನೋಡಿದೀನಿ."

"ನುಂಗೋಕೆ ಏನಾದ್ರೂ ತೊಂದರೆ?"

"ಮೊದಮೊದಲು ಇರಲಿಲ್ಲ. ಈಚೆಗೆ ಗಂಟಲಲ್ಲಿ ಅಂಚು ಒತ್ತುತ್ತೆ. ಕಹಿಯೂ ಇಲ್ಲ, ರುಚಿಯೂ ಇಲ್ಲ. ನೀವೇ ಕಂಪನಿ ಬದಲಾಯಿಸಿರಬೇಕು ಅಂದ್ಕೊಂಡೆ," ಎಂದು ಡಬ್ಬಿ ಮುಂದಿಟ್ಟ.

ಡಾಕ್ಟರಮ್ಮ ಮುಚ್ಚಳ ತೆಗೆದರು. ಒಳಗೆ ನೋಡಿದರು. ಟೇಪಣ್ಣನನ್ನು ನೋಡಿದರು. ಮತ್ತೆ ಒಳಗೆ ನೋಡಿ, ಒಂದನ್ನು ಚಿಮುಟದಿಂದ ಎತ್ತಿ ಹಿಡಿದರು. "ದಿನಾ ತಗೊಂಡಿದ್ದು ಇದನ್ನೇನಾ?"

ಟೇಪಣ್ಣ ಕನ್ನಡಕ ಹಾಕಿಕೊಂಡ. ನಾಲ್ಕು ತೂತುಗಳು ಅವನನ್ನು ನೆಟ್ಟಗೆ ನೋಡುತ್ತಿದ್ದವು.

"ಇದರಲ್ಲಿ ಮಾತ್ರೆ ಇದ್ವು," ಎಂದ ಕ್ಷೀಣವಾಗಿ. "ಬಿಳೀದು. ನಡುವೆ ಗೆರೆ ಇರೋದು."

ಅತ್ತಿಗೆಯ ಕೈ ಬಾಯಿಗೆ ಹೋಯಿತು. "ಅಯ್ಯೋ ರೀ, ಅದು ನೀವು ಇಟ್ಟಿದ್ದಾ? ತೂತಿಲ್ಲ ಅಂತ ನಾನು ಅಂಗಡಿಗೆ ವಾಪಸ್ ಕೊಟ್ಟು ಗುಂಡಿ ತಂದೆ."

"ಅವನು ತಗೊಂಡ್ನಾ?" ಎಂದ ಟೇಪಣ್ಣ.

"ಕ್ಷಮೆ ಬೇರೆ ಕೇಳಿದ."

ಡಾಕ್ಟರಮ್ಮ ಗೋಡೆಯ ಕಡೆ ತಿರುಗಿದರು. ಅವರ ಭುಜಗಳು ಸ್ವಲ್ಪ ಹೊತ್ತು ಕುಲುಕಿದವು. ತಿರುಗಿ ಬಂದಾಗ ಮುಖ ಗಂಭೀರವಾಗಿತ್ತು. ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಗುಂಡಿಗಳು ತಮ್ಮ ಪಾಡಿಗೆ ತಾವು ಹೋಗಿವೆ ಎಂದು ಖಾತ್ರಿ ಮಾಡಿಕೊಂಡರು. ಬಿಳಿ ಮಾತ್ರೆಯನ್ನು ಹೀಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗುವುದುಂಟು ಎಂದು ಗದರಿದರು. "ನಿಮ್ಮ ಪುಣ್ಯ, ಬೆರಳು ಇನ್ನೂ ಕೂತುಬಿಟ್ಟಿಲ್ಲ. ಇವತ್ತಿಂದ ಸರಿಯಾಗಿ ತಗೊಂಡ್ರೆ ಕೈ ವಾಪಸ್ ಬರುತ್ತೆ. ಮತ್ತೆ ಆಟ ಆಡಿದ್ರೆ ನನ್ನ ಕೇಳಬೇಡಿ. ಅಷ್ಟಕ್ಕೂ ಮಾತ್ರೇನ ಯಾಕೆ ಮುಚ್ಚಿಟ್ರಿ?"

"ನಾನು ಅಧ್ಯಕ್ಷ," ಎಂದ ಟೇಪಣ್ಣ.

ದುರದೃಷ್ಟಕ್ಕೆ ಮಾರನೆಯ ದಿನವೇ ಸಂಘದ ದೊಡ್ಡ ಸಮಾರಂಭ. ಬೀದಿಯ ಒಂದು ಅಂಚನ್ನು ಹಿಮ್ಮುಖ ನಡಿಗೆಯವರಿಗೇ ಮೀಸಲಿಡುವಂತೆ ಮೇಷ್ಟ್ರು ಅರ್ಜಿಯ ಮೇಲೆ ಅರ್ಜಿ ಹಾಕಿದ ಕಾಟ ತಡೆಯಲಾರದೆ ನಗರಸಭೆಯವರು ಒಪ್ಪಿದ್ದರು. ನಗರಸಭೆಯ ಅಧ್ಯಕ್ಷೆ ಬಂದರು. ಅವರ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿದ್ದರಿಂದ ಅರ್ಧ ಗಂಟೆ ಗೋಡೆಯನ್ನೇ ನೋಡುತ್ತ ಕುಳಿತರು. ಉದ್ಘಾಟನೆಗೆಂದು ಅಡ್ಡಲಾಗಿ ಒಂದು ಕೆಂಪು ಪಟ್ಟಿ ಕಟ್ಟಿತ್ತು.

ಮೇಷ್ಟ್ರು ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಎತ್ತಿ ಹಿಡಿದರು. "ಇದು ನಾನು ರಕ್ತದೊತ್ತಡಕ್ಕೆ ಹತ್ತಾರು ವರ್ಷದಿಂದ ತಗೊಳ್ತಿದ್ದ ಮಾತ್ರೆ. ಅಧ್ಯಕ್ಷರು ಪಟ್ಟಿ ಕತ್ತರಿಸಿದ ಕೂಡಲೇ ಇದನ್ನ ಎಲ್ಲರೆದುರು ಚರಂಡಿಗೆ ಎಸೀತೀನಿ. ನೀವೂ ಎಸೀರಿ." ಆಮೇಲೆ ಟೇಪಣ್ಣನ ಕಡೆ ತಿರುಗಿ, "ಕತ್ತರಿ ಅಂದ್ರೆ ನಮ್ಮ ಅಧ್ಯಕ್ಷರದ್ದೇ ಕೈ. ಬನ್ನಿ," ಎಂದು ಕತ್ತರಿ ಕೊಟ್ಟರು.

ಟೇಪಣ್ಣ ಅದನ್ನು ತೆಗೆದುಕೊಂಡ. ಹೆಬ್ಬೆರಳನ್ನು ತುರುಕಿದ, ಇನ್ನೊಂದು ಬೆರಳು ಹೋಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಪಟ್ಟಿ ಮಡಚಿತು, ಕತ್ತರಿಸಲಿಲ್ಲ. ನೂಲು ಎಳೆದಷ್ಟು ಸುಲಭವಾಗಿ ದಪ್ಪ ಕಂಬಳಿ ಕತ್ತರಿಸುತ್ತಿದ್ದ ಕೈ ಅದು. ನನಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ. ಅತ್ತಿಗೆ ಮಾತ್ರ ನೋಡುತ್ತಲೇ ನಿಂತಿದ್ದರು.

ಟೇಪಣ್ಣ ಕತ್ತರಿಯನ್ನು ಮೇಜಿನ ಮೇಲಿಟ್ಟ.

"ಸಾರ್, ಆ ಡಬ್ಬಿ ಎಸೀಬೇಡಿ. ನನ್ನ ಮುಖ ತುಂಬಿದ್ದು ನಡಿಗೆಯಿಂದಲ್ಲ, ಮಾತ್ರೆಯಿಂದ. ಅದು ಕಳೆಯೂ ಅಲ್ಲ, ಬಾವು. ಮೆಟ್ಟಿಲನ್ನ ಹಿಂದುಮುಂದಾಗಿ ಇಳಿದದ್ದು ಮೊಣಕಾಲು ನೋವಿಗೆ. ನೀವು ಹೊಗಳಿದಿರಿ, ನನಗೆ ಹಿತವಾಯ್ತು, ಸುಮ್ಮನಾದೆ. ಮಾತ್ರೆ ನಿಂತದ್ದಕ್ಕೇ ನನ್ನ ಕೈ ಹೀಗಾಗಿದೆ. ನಿಮ್ಮದು ಕೈಗಿಂತ ದೊಡ್ಡ ವಿಷಯ ಸಾರ್, ಎದೇದು. ಬೇಕಾದ್ರೆ ನನ್ನ ಎಸೀರಿ ಚರಂಡಿಗೆ."

ನೆರೆದವರೆಲ್ಲ ಟೇಪಣ್ಣನ ಕಡೆ ತಿರುಗಿದರು. ಅಧ್ಯಕ್ಷೆ ಕೂಡ ಕುರ್ಚಿ ತಿರುಗಿಸಿಕೊಂಡು ಕುಳಿತರು.

ಮೊದಲು ಬಾಯಿ ಬಿಟ್ಟವನು ಪೋಸ್ಟ್‌ಮ್ಯಾನ್. "ನಾನು ಸಕ್ಕರೆ ಕಾಯಿಲೆ ಮಾತ್ರೇನ ಬೂಟಲ್ಲಿ ಇಟ್ಕೊಂಡು ತಗೊಳ್ತಿದ್ದೆ," ಎಂದ. ಹಾಲಿನಾಕೆ ಥೈರಾಯಿಡ್ ಮಾತ್ರೆಯನ್ನು ಕೊಟ್ಟಿಗೆಯಲ್ಲಿ ನುಂಗುತ್ತಿದ್ದಳಂತೆ. ಒಬ್ಬೊಬ್ಬರೇ ಚೀಲ, ಜೇಬು, ಟೋಪಿಯ ಮಡಿಕೆ ಬಿಚ್ಚತೊಡಗಿದರು. ಎಲ್ಲ ಕಡೆಯಿಂದ ಚರ್ ಚರ್ ಎಂದು ಮಾತ್ರೆಪಟ್ಟಿಗಳ ಸದ್ದು. ಅಧ್ಯಕ್ಷೆಯ ಕೈಚೀಲದಿಂದ ಎರಡು ಬಣ್ಣದವು ಬಂದವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಖಜಾಂಚಿಯ ಗ್ಯಾಸಿನ ಮಾತ್ರೆ ಅಂಟಿನ ಡಬ್ಬಿಯ ಹಿಂದೆ ಇತ್ತು ಎಂಬುದನ್ನು ಇಲ್ಲಿ ಸೇರಿಸಿಬಿಡುತ್ತೇನೆ.

ಕೊನೆಗೆ ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ನಿಂತವು. ಅವರು ಡಬ್ಬಿಯನ್ನು ಜೇಬಿಗೆ ಹಾಕಿಕೊಳ್ಳಲು ನೋಡಿದರು. ಪೋಸ್ಟ್‌ಮ್ಯಾನ್ ಅದನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿ, ಒಂದನ್ನು ಬಾಯಿಗೆ ಹಾಕಿಕೊಂಡ. "ಪೆಪ್ಪರ್‌ಮಿಂಟು," ಎಂದ.

"ನಿಜವಾದದ್ದು ಕನ್ನಡಕದ ಪೆಟ್ಟಿಗೇಲಿದೆ," ಎಂದರು ಮೇಷ್ಟ್ರು, ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನ ಧ್ವನಿಯಲ್ಲಿ. "ಜೀವ ಅಂದ್ರೆ ಯಾರಿಗೆ ಬೇಡ?"

ಯಾರು ಮೊದಲು ನಕ್ಕರೋ ತಿಳಿಯದು. ನಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬಂತು. ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತ ಹೋಗಿ ಕೆಂಪು ಪಟ್ಟಿಯನ್ನು ಬಿಚ್ಚಿ ಮಡಚಿಟ್ಟರು. ಅದನ್ನು ಕತ್ತರಿಸಲೇ ಇಲ್ಲ. ಸಂಘ ಅಲ್ಲಿಯೇ ಮುಚ್ಚಿತು. ಹತ್ತು ನಿಮಿಷದಲ್ಲಿ ಮೇಷ್ಟ್ರು ಅಲ್ಲಿಯೇ ಇನ್ನೊಂದನ್ನು ಕಟ್ಟಿದರು. ಅದರ ಕೆಲಸ ಇಷ್ಟೇ: ತಿಂಡಿಯಾದ ಮೇಲೆ ಮಾತ್ರೆ ಇರುವವರು ನನ್ನ ಅಂಗಡಿಯ ಮುಂದೆ ಸೇರಿ, ಒಬ್ಬರೆದುರು ಒಬ್ಬರು ನುಂಗಿ, ಮುಂದಕ್ಕೆ ನಡೆದು ಮನೆಗೆ ಹೋಗುವುದು. ಮುಂದಕ್ಕೆ ನಡೆಯುವ ರೂಢಿ ತಪ್ಪಿದ್ದರಿಂದ ಮೊದಲ ದಿನ ಇಬ್ಬರು ಎಡವಿ ಬಿದ್ದರು.

ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಮೇಷ್ಟ್ರು ಥಾನು ಬಿಚ್ಚಿ ಹಾಸುವುದು, ಮಕ್ಕಳ ಅಳತೆ ಕೂಗುವುದು ಎಲ್ಲವನ್ನೂ ಮೈಮೇಲೆ ಹಾಕಿಕೊಂಡರು. ಕತ್ತರಿ ಹಿಡಿಯುತ್ತೇನೆಂದೂ ಬಂದರು, ಟೇಪಣ್ಣ ಬಿಡಲಿಲ್ಲ. ದಿನಾ ಬೆಳಿಗ್ಗೆ ಕೈಯನ್ನು ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದ. ಅತ್ತಿಗೆ ಅವನ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ಮಾತ್ರೆ ಒಳಗೆ ಹೋಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಾಯಿ ಮುಚ್ಚಿಸಲು ಪಟ್ಟ ಶ್ರಮವೆಲ್ಲ ಈಗ ತೆರೆಸಲು ಹೋಗುತ್ತಿದೆ ಎಂದು ನನಗೆ ಹೇಳಿದರು.

ಒಂದು ಬೆಳಿಗ್ಗೆ ಅತ್ತಿಗೆ ಮೆಟ್ಟಿಲ ಮೇಲಿಂದ ನನ್ನನ್ನು ಕರೆದರು. ಹತ್ತಿ ಹೋಗಿ ನೋಡಿದೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿತ್ತು. ಟೇಪಣ್ಣನ ಬೆರಳುಗಳು ಕತ್ತರಿಯ ಕಣ್ಣಿನೊಳಗಿದ್ದವು. ಅತ್ತಿಗೆ ಬಟ್ಟೆಯ ಆ ಕೊನೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತರು. ಅವನು ಒಮ್ಮೆ ಉಸಿರೆಳೆದುಕೊಂಡು ಕತ್ತರಿ ಮುಚ್ಚಿದ. ಕರ್ ಎಂದಿತು. ಮತ್ತೆ ತೆರೆದ, ಮತ್ತೆ ಮುಚ್ಚಿದ. ಆಮೇಲೆ ನಿಲ್ಲಿಸಲಿಲ್ಲ, ಸೀಮೆಸುಣ್ಣದ ಗೆರೆಯ ಮೇಲೆಯೇ ಮೇಜಿನುದ್ದಕ್ಕೂ ಹೋಗಿ ಹೆಂಡತಿಯ ಕೈಯ ಹತ್ತಿರ ಬಂದು ನಿಂತ.

"ಏನ್ರೀ, ಸೊಟ್ಟಗೆ ಹೋಗಿದೆಯಲ್ಲ," ಎಂದರು ಅತ್ತಿಗೆ, ಭುಜಕ್ಕೆ ಕಣ್ಣು ಒರೆಸಿಕೊಳ್ಳುತ್ತ.

ನಾನು ಬಗ್ಗಿ ನೋಡಿದೆ. ಎಲ್ಲಿಯೂ ಸೊಟ್ಟಗೆ ಹೋಗಿರಲಿಲ್ಲ.